ಸೂರಿಗಾಗಿ ಕೂಡಿಟ್ಟ ಕಾಸು

ಹಾಸನದಿಂದ ಬೆಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಶಾಂತಿಗ್ರಾಮ ಎದುರಾಗುತ್ತದೆ. ವಿಷ್ಣುವರ್ಧನನ ರಾಣಿ ಶಾಂತಲೆಯಿಂದ ಈ ಊರಿಗೆ ಹೆಸರು ಬಂದಿತೆಂಬುದು ಪ್ರತೀತಿ. ಹೊಯ್ಸಳರ ಕಾಲದ ಭೋಗನರಸಿಂಹ ದೇವಾಲಯವನ್ನು ನೋಡಲೆಂದು ಇಲ್ಲಿ ಇಳಿಯುವವರುಂಟು. ಆದರೆ ಪ್ರಿಯ ಓದುಗರೇ, ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಶಾಂತಿಗ್ರಾಮದ ಮತ್ತು ಸುತ್ತಲಿನ ಹಳ್ಳಿಗಳ ಮನೆಗಳ ಸೂರನ್ನು ಒಮ್ಮೆ ಗಮನವಿಟ್ಟು ನೋಡಿರಿ. ಒಂದೆಡೆ ಪಾಚಿ ಹಿಡಿದ ನಾಡಹೆಂಚು, ಅದರ ಪಕ್ಕದಲ್ಲಿ ಮಂಗಳೂರು ಹೆಂಚು, ಅದರಾಚೆ ಸಿಮೆಂಟ್ ಷೀಟು, ಇನ್ನೂ ಆಚೆ ತಾರಸಿ. ತಾರಸಿಯ ಮೇಲೆ ಆಕಾಶದತ್ತ ಚಾಚಿ ನಿಂತ ನಾಲ್ಕಾರು ಕಬ್ಬಿಣದ ಕಂಬಿಗಳು. ಮುಂದೆಂದಾದರೂ ಮೇಲೊಂದು ಅಂತಸ್ತು ಕಟ್ಟಬಹುದೆಂಬ ಆಸೆಯಿಂದ ಮನೆಯವರು ಹಾಗೆಯೇ ಉಳಿಸಿಕೊಂಡ ಕಂಬಿಗಳವು.

ಈ ಸೂರುಗಳನ್ನು ನೋಡಿದಾಗ ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ. ಒಂದು ಸಂಸಾರವು ಹುಲ್ಲಿನಿಂದ ಹೆಂಚಿಗೆ, ಹೆಂಚಿನಿಂದ ತಾರಸಿಗೆ ದಾಟಲು ಎಷ್ಟು ವರ್ಷ ಹಿಡಿಯಿತು? ಆ ಹಣ ಎಲ್ಲಿ, ಯಾರ ಕೈಯಲ್ಲಿ, ಹೇಗೆ ಕೂಡಿತು? ಅರಸರ ಖಜಾನೆಯ ಲೆಕ್ಕವನ್ನು ಶಾಸನಗಳು ಕಾಪಾಡಿವೆ. ಸಾಸಿವೆ ಡಬ್ಬಿಯಲ್ಲಿ ಕೂಡಿದ ಕಾಸಿನ ಲೆಕ್ಕವನ್ನು ಯಾವ ಶಾಸನವೂ ಬರೆದಿಡಲಿಲ್ಲ. ಆದರೂ ಅದಕ್ಕೊಂದು ಇತಿಹಾಸವಿದೆ. ಅದನ್ನು ಅರಿತರೆ ಇಂದು ಮನೆ ದುರಸ್ತಿಗೆ ಹೊರಡುವ ಕುಟುಂಬಗಳಿಗೆ ಪ್ರಯೋಜನವೂ ಇದೆ.

ಹಗೇವಿನ ಕಾಲ

ನಮ್ಮ ಬಯಲುಸೀಮೆಯ ಮೊದಲ ಉಳಿತಾಯ ಖಾತೆ ನೆಲದ ಒಳಗಿತ್ತು. ಹಗೇವು ಎಂದರೆ ಹಿರಿಯರಿಗೆ ತಿಳಿದೀತು: ಗಟ್ಟಿನೆಲದಲ್ಲಿ ಅಗೆದು, ಬಾಯಿ ಮುಚ್ಚಿ, ರಾಗಿಯನ್ನು ತುಂಬಿಡುವ ಗುಳಿ. ರಾಗಿ ಹುಳು ಬೀಳದೆ ವರ್ಷಗಟ್ಟಲೆ ಇರಬಲ್ಲದು. ಆದ್ದರಿಂದ ಒಳ್ಳೆಯ ಮಳೆಯ ವರ್ಷದ ಬೆಳೆ ಬರಗಾಲದ ವರ್ಷಕ್ಕೆ ಆಧಾರವಾಗುತ್ತಿತ್ತು. ಆದರೆ ಈ ಉಳಿತಾಯ ಇದ್ದದ್ದು ಹೊಟ್ಟೆಗಾಗಿ, ಸೂರಿಗಾಗಿ ಅಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಅದೂ ಸಾಲದೇ ಹೋಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂತಹ ದಶಕದಲ್ಲಿ ಮನೆಯನ್ನು ಉತ್ತಮಪಡಿಸುವ ಮಾತು ಎಲ್ಲಿಯದು?

ಆ ಕಾಲದ ಬಡವರ ಸೂರು ಹುಲ್ಲಿನದು. ಅದಕ್ಕೆ ಹಣ ಬೇಕಿರಲಿಲ್ಲ. ಹುಲ್ಲು ಹೊಲದ್ದು, ಬಿದಿರು ಹತ್ತಿರದ್ದು, ಕೆಲಸಕ್ಕೆ ಮುಯ್ಯಾಳು. ಇಂದು ನಿಮ್ಮ ಮನೆಗೆ ನಾನು ಬಂದರೆ ನಾಳೆ ನನ್ನ ಮನೆಗೆ ನೀವು ಬರುತ್ತಿದ್ದಿರಿ. ಕೈಯಲ್ಲಿ ಕಾಸಿಲ್ಲದವರಿಗೂ ತಲೆಯ ಮೇಲೊಂದು ನೆರಳು ಸಿಗುತ್ತಿದ್ದುದು ಈ ಮುಯ್ಯಿಯ ಬಲದಿಂದ. ಆದರೆ ಹುಲ್ಲು ಮಳೆಗೆ ಕೊಳೆಯುತ್ತದೆ, ಬೆಂಕಿಗೆ ಆಹುತಿಯಾಗುತ್ತದೆ. ಮತ್ತೆ ಮತ್ತೆ ಹೊದಿಸಬೇಕು. ಬಡವರ ಸೂರು ಅಗ್ಗವೆಂದು ಕಂಡರೂ ಜೀವಮಾನದ ದುಡಿಮೆಯನ್ನು ಲೆಕ್ಕ ಹಾಕಿದರೆ ಅದು ದುಬಾರಿಯೇ.

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಕರಾವಳಿಯ ಜೇಡಿಮಣ್ಣಿನಿಂದ ಯಂತ್ರದಲ್ಲಿ ಒತ್ತಿ ಸುಟ್ಟ ಆ ಕೆಂಪು ಹೆಂಚು ಕಾಲಕ್ರಮದಲ್ಲಿ ಘಟ್ಟ ಹತ್ತಿ ನಮ್ಮ ಸೀಮೆಗೂ ಬಂದಿತು. ಒಂದರೊಳಗೊಂದು ಕೂಡಿಕೊಳ್ಳುವ ಹೆಂಚು ಸೋರುವುದು ಕಡಿಮೆ, ಬಾಳಿಕೆ ಹೆಚ್ಚು. ಆದರೆ ಇದು ಮುಯ್ಯಾಳಿನಿಂದ ಸಿಗುವ ವಸ್ತುವಲ್ಲ. ಹೆಂಚಿಗೂ ರೀಪಿಗೂ ಬಡಗಿಗೂ ನಗದು ಕೊಡಬೇಕು, ಅದೂ ಒಂದೇ ಸಲಕ್ಕೆ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಮಾತ್ರ ಹಣ ಕಾಣುತ್ತಿದ್ದ ಸಂಸಾರ ಅಷ್ಟು ಮೊತ್ತವನ್ನು ಒಟ್ಟುಮಾಡುವುದು ಹೇಗೆ? ಸುಗ್ಗಿಯ ಹಣ ಕಂದಾಯಕ್ಕೆ, ಸಾಹುಕಾರನ ಬಡ್ಡಿಗೆ, ಮದುವೆಗೆ ಹರಿದುಹೋಗುತ್ತಿತ್ತು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಹಿಂದೆ ಇರುವುದು ಈ ಕಷ್ಟವೇ.

ಹನ್ನೆರಡು ಮನೆಯ ಚೀಟಿ

ಈ ಕಷ್ಟಕ್ಕೆ ನಮ್ಮ ಜನರು ಯಾವ ಸರ್ಕಾರದ ಅಪ್ಪಣೆಗೂ ಕಾಯದೆ ಕಂಡುಕೊಂಡ ಉಪಾಯ ಚೀಟಿ. ಅದರ ಚಾತುರ್ಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹನ್ನೆರಡು ಮನೆಯವರು ತಿಂಗಳಿಗೆ ತಲಾ 500 ರೂಪಾಯಿ ಹಾಕುತ್ತಾರೆಂದು ಭಾವಿಸಿ. ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವು ಕೂಡಿಟ್ಟರೆ 6,000 ರೂಪಾಯಿ ಆಗಲು ಎಲ್ಲರಿಗೂ ಹನ್ನೆರಡು ತಿಂಗಳು ಬೇಕು. ಅದೇ ಹಣವನ್ನು ಒಂದೆಡೆ ಹಾಕಿ ತಿಂಗಳಿಗೊಬ್ಬರ ಹೆಸರನ್ನು ಎತ್ತಿದರೆ ಮೊದಲನೆಯವರಿಗೆ ಮೊದಲ ತಿಂಗಳಲ್ಲಿ, ಎರಡನೆಯವರಿಗೆ ಎರಡನೆಯ ತಿಂಗಳಲ್ಲಿ ಪೂರ್ಣ ಮೊತ್ತ ದೊರೆಯುತ್ತದೆ. ಕಡೆಯವರು ಕಾಯುವುದು ಹನ್ನೆರಡು ತಿಂಗಳು. ಒಂಟಿಯಾಗಿ ಕೂಡಿಟ್ಟಿದ್ದರೂ ಅವರು ಅಷ್ಟೇ ಕಾಯಬೇಕಿತ್ತು. ಉಳಿದ ಹನ್ನೊಂದು ಮನೆಗಳೂ ಬೇಗನೆ ಕೆಲಸ ಮುಗಿಸುತ್ತವೆ. ಸರಾಸರಿ ಕಾಯುವಿಕೆ ಹನ್ನೆರಡರಿಂದ ಆರೂವರೆ ತಿಂಗಳಿಗೆ ಇಳಿಯಿತು. ಯಾರ ಸಂಪಾದನೆಯೂ ಒಂದು ಪೈಸೆ ಹೆಚ್ಚಲಿಲ್ಲ. ಹೆಚ್ಚಿದ್ದು ಪರಸ್ಪರ ನಂಬಿಕೆ ಮಾತ್ರ.

ಆ ನಂಬಿಕೆ ಮುರಿದರೆ ಎಲ್ಲವೂ ಮುರಿಯುತ್ತದೆ ಎಂಬುದೂ ನಿಜ. ಮೊದಲ ತಿಂಗಳು ಹಣ ಎತ್ತಿಕೊಂಡವರು ಮುಂದೆ ಕಟ್ಟದಿದ್ದರೆ, ಅಥವಾ ಚೀಟಿ ನಡೆಸುವವರೇ ರಾತ್ರೋರಾತ್ರಿ ಊರು ಬಿಟ್ಟರೆ, ಕಡೆಯ ಸರದಿಯವರ ಸೂರು ಸೋರುತ್ತಲೇ ಇರುತ್ತದೆ. ಇಂತಹ ಅನ್ಯಾಯಗಳನ್ನು ತಡೆಯಲೆಂದೇ 1982ರಲ್ಲಿ ಚಿಟ್ ಫಂಡ್ ಕಾಯಿದೆ ಬಂದಿತು. ನೋಂದಣಿಯೂ ನಡೆಸುವವರ ಭದ್ರತಾ ಠೇವಣಿಯೂ ಕಡ್ಡಾಯವಾದವು. ಆದರೂ ಲೆಕ್ಕಪತ್ರವಿಲ್ಲದ ಚೀಟಿಗೆ ಹಣ ಹಾಕಿ ಕಣ್ಣೀರಿಟ್ಟವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ.

ಸಹಕಾರ ಮತ್ತು ಎರಡಾಣೆಯ ಪಿಗ್ಮಿ

ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕೆಂದು ಮೈಸೂರು ಸರ್ಕಾರ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಕೃಷಿ ಬ್ಯಾಂಕುಗಳನ್ನು ಆರಂಭಿಸಿತು. ಸರ್ಕಾರದ ಹಣ ಸುಲಭವಾಗಿ ಹೋಯಿತು, ಸುಲಭವಾಗಿ ಹಿಂತಿರುಗಲಿಲ್ಲ. ಆ ಪ್ರಯೋಗ ನಿಲ್ಲಲಿಲ್ಲ. ಮುಂದೆ 1905ರಲ್ಲಿ ಮೈಸೂರು ಸಂಸ್ಥಾನದ ಸಹಕಾರ ಸಂಘಗಳ ಕಾನೂನು ಬಂದಿತು. ಅದೇ ವರ್ಷ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಜರ್ಮನಿಯಲ್ಲಿ ರೈಫೈಸನ್ ಎಂಬವರು ಹಳ್ಳಿಗರ ನಡುವೆ ತೋರಿಸಿಕೊಟ್ಟ ಮಾರ್ಗವೇ ಇಲ್ಲಿಗೂ ಬಂದಿತ್ತು: ನೆರೆಯವನಿಗೆ ನೆರೆಯವನೇ ಜಾಮೀನು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು; ಇಂದಿನ ಎಂ.ಸಿ.ಸಿ. ಬ್ಯಾಂಕ್ ಅದೇ. ಹಳ್ಳಿಯ ಸಹಕಾರ ಸಂಘಗಳು ಮುಖ್ಯವಾಗಿ ಸಾಲ ಕೊಟ್ಟದ್ದು ಬೀಜಕ್ಕೆ, ಎತ್ತಿಗೆ, ಗೊಬ್ಬರಕ್ಕೆ. ಸೂರಿನ ಕನಸು ಸಾಲಿನಲ್ಲಿ ಕಡೆಗೇ ನಿಲ್ಲಬೇಕಾಗಿತ್ತು.

ಸಣ್ಣ ಸಂಪಾದನೆಯವರ ಉಳಿತಾಯಕ್ಕೆ ನಿಜವಾದ ತಿರುವು ಬಂದದ್ದು ಉಡುಪಿಯಿಂದ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದರು. ಬ್ಯಾಂಕಿಗೆ ಜನ ಬರುವ ಬದಲು ಬ್ಯಾಂಕಿನವರೇ ದಿನವೂ ಮನೆಬಾಗಿಲಿಗೆ, ಅಂಗಡಿಯ ಮುಂದಕ್ಕೆ ಹೋಗಿ ಎರಡಾಣೆಯನ್ನಾದರೂ ಪಡೆದು ಬರುವ ಏರ್ಪಾಡು ಅದು. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಕೈಯಲ್ಲಿದ್ದಿದ್ದರೆ ಎಲೆಯಡಿಕೆಗೋ ಕಾಫಿಗೋ ಹೋಗಿಬಿಡುತ್ತಿದ್ದ ಎರಡಾಣೆ ಹೀಗೆ ವರ್ಷದ ಕೊನೆಗೆ ಒಂದು ಇಡಿಗಂಟಾಗುತ್ತಿತ್ತು.

ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಪದವಾದರೋ ಕನ್ನಡದ ಪದವೇ ಆಗಿಹೋಗಿದೆ. ಪಿಗ್ಮಿಯ ಬಡ್ಡಿ ಕಡಿಮೆಯೆಂದು ಕೆಲವರು ಆಕ್ಷೇಪಿಸುತ್ತಾರೆ, ಅದು ಸರಿಯೇ. ಬಿಸಿಲಲ್ಲಿ ಬೀದಿ ಸುತ್ತುವವರ ಶ್ರಮದ ಬೆಲೆ ಅದರಲ್ಲಿ ಸೇರಿದೆ. ಆದರೂ ದಿನಗೂಲಿಯವರು, ಹೂವು ಮಾರುವವರು ಅದನ್ನು ಬಿಡಲಿಲ್ಲ. ತಮ್ಮ ಹಣವನ್ನು ತಮ್ಮ ಕೈಯಿಂದಲೇ ಕಾಪಾಡಿಕೊಳ್ಳಬೇಕೆಂಬ ಸತ್ಯ ಅವರಿಗೆ ತಿಳಿದಿತ್ತು.

ಪ್ರವಾಹದ ಹಣ, ಹನಿಯ ಹಣ

ಮತ್ತೆ ನಮ್ಮ ಸೀಮೆಗೆ ಬರೋಣ. ಹಾಸನದ ಸುತ್ತಲಿನ ಆಲೂಗಡ್ಡೆ ಹೆಸರಾದದ್ದು. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಬರುತ್ತದೆ. ಮುಂಗಾರಿನಲ್ಲಿ ನಾಟಿ, ಕೆಲವು ತಿಂಗಳಲ್ಲೇ ಕೊಯ್ಲು. ಬೆಲೆ ಸಿಕ್ಕ ವರ್ಷ ಹಣ ಪ್ರವಾಹದಂತೆ ಬಂದು ಒಂದೇ ಏಟಿಗೆ ತಾರಸಿ ಎದ್ದದ್ದುಂಟು. ಅಂಗಮಾರಿ ಬಿದ್ದ ವರ್ಷ ಬಿತ್ತನೆಯ ಸಾಲವೂ ತೀರದೆ ಅರ್ಧ ಕಟ್ಟಿದ ಗೋಡೆ ಮಳೆಯಲ್ಲಿ ನೆನೆದದ್ದೂ ಉಂಟು. ಹಿಂದಿನಷ್ಟು ವಿಸ್ತಾರದಲ್ಲಿ ಈಗ ಆಲೂಗಡ್ಡೆ ಇಲ್ಲ. ಮುಸುಕಿನ ಜೋಳವೂ ಶುಂಠಿಯೂ ಅದರ ಜಾಗಕ್ಕೆ ಬಂದಿವೆ. ಶುಂಠಿಯ ಹಣವೂ ಪ್ರವಾಹದ ಹಣವೇ.

1977ರಲ್ಲಿ ಹಾಸನ ಹಾಲು ಒಕ್ಕೂಟ ಸ್ಥಾಪನೆಯಾಯಿತು. ಹಳ್ಳಿಹಳ್ಳಿಗೆ ಡೇರಿ ಬಂದಿತು. ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಸಾಲುಗಟ್ಟಿದವರಲ್ಲಿ ಹೆಂಗಸರೇ ಹೆಚ್ಚು. ವರ್ಷಕ್ಕೊಮ್ಮೆ ಹಣ ಕಾಣುತ್ತಿದ್ದ ಮನೆಗೆ ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ ಬರತೊಡಗಿತು. ಮೊತ್ತ ಸಣ್ಣದಾದರೂ ನಿಯತವಾಗಿ ಬರುವ ಹಣ ಇದು. ನಿಯತವಾಗಿ ಬರುವ ಹಣವಿದ್ದರೆ ಮಾತ್ರ ನಿಯತವಾಗಿ ಕಟ್ಟುವ ಮಾತು ಕೊಡಬಹುದು. ಚೀಟಿ, ಪಿಗ್ಮಿ, ಸಂಘ ಇವೆಲ್ಲವೂ ನಮ್ಮ ಹಳ್ಳಿಗಳಲ್ಲಿ ನೆಲೆಯೂರಲು ಹಾಲಿನ ಹಣ ನೀಡಿದ ಆಸರೆ ಸಣ್ಣದಲ್ಲ.

ಅದೇ ಕಾಲದಲ್ಲಿ ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಅಣೆಕಟ್ಟು ಎದ್ದಿತು, 1979ರಲ್ಲಿ ಪೂರ್ಣಗೊಂಡಿತು. ಕೆಳಗಿನ ಊರುಗಳಿಗೆ ನಾಲೆಯ ನೀರು ಹರಿದು ಗದ್ದೆಗಳು ಹಸಿರಾದವು, ಮನೆಗಳು ಎತ್ತರವಾದವು. ಮೇಲಿನ ಹಿನ್ನೀರಿನಲ್ಲಿ ಊರುಗಳೇ ಮುಳುಗಿದವು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಚರ್ಚಿನ ಅವಶೇಷವನ್ನು ನಮ್ಮಲ್ಲಿ ನೋಡದವರು ವಿರಳ. ಛಾಯಾಚಿತ್ರ ತೆಗೆಯುವವರ ಕಣ್ಣಿಗೆ ಅದು ನೀರಿನಲ್ಲಿ ನಿಂತ ಸೊಬಗು. ಆದರೆ ಅದರ ಸುತ್ತ ಬಾಳಿದ ಕುಟುಂಬಗಳು, ತಲೆಮಾರುಗಳ ಉಳಿತಾಯ ಸೇರಿದ್ದ ಸೂರನ್ನು ಬಿಟ್ಟು, ಬೇರೆ ನೆಲದಲ್ಲಿ ತಳಪಾಯದಿಂದಲೇ ಮತ್ತೆ ಆರಂಭಿಸಬೇಕಾಯಿತು. ಕೆಲವರ ಮನೆ ಎತ್ತರವಾಗಲು ಇನ್ನು ಕೆಲವರ ಮನೆ ನೀರಿನ ಪಾಲಾಯಿತೆಂಬುದನ್ನು ನಾವು ಮರೆಯಬಾರದು.

ಸಂಘದಿಂದ ಸಾಲಕ್ಕೆ

1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಒಂದು ಸಂಗತಿಯನ್ನು ಗಮನಿಸಿತು. ದೊಡ್ಡ ಸಹಕಾರ ಸಂಘಗಳು ಸೊರಗಿದ ಕಡೆ ಪರಸ್ಪರ ನಂಬಿಕೆಯುಳ್ಳ ಹದಿನೈದು ಇಪ್ಪತ್ತು ಜನರ ಸಣ್ಣ ಗುಂಪುಗಳು ಚೆನ್ನಾಗಿ ನಡೆಯುತ್ತಿದ್ದವು. 1992ರಲ್ಲಿ ನಬಾರ್ಡ್ ಇಂತಹ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿನೊಂದಿಗೆ ಜೋಡಿಸುವ ಕೆಲಸಕ್ಕೆ ಕೈಹಾಕಿತು. 1982ರಲ್ಲಿ ಬೆಳ್ತಂಗಡಿಯಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮುಂದೆ ಅನೇಕ ಜಿಲ್ಲೆಗಳಿಗೆ ಹಬ್ಬಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. ವಾರಕ್ಕೆ ಹತ್ತು, ಇಪ್ಪತ್ತು ರೂಪಾಯಿ ಹಾಕಿ, ತಾವೇ ಲೆಕ್ಕ ಬರೆದು, ತಾವೇ ಸಾಲ ಕೊಟ್ಟು ತಾವೇ ವಸೂಲು ಮಾಡಿದ ಆ ತಾಯಂದಿರು ಎಷ್ಟು ಮನೆಗಳಿಗೆ ಶೌಚಾಲಯ, ಸ್ನಾನಗೃಹ, ಹೊಗೆಯಿಲ್ಲದ ಅಡಿಗೆಮನೆ ತಂದುಕೊಟ್ಟರೆಂಬುದು ನಿಮ್ಮ ಕಣ್ಣ ಮುಂದೆಯೇ ಇದೆ.

ಆದರೆ ಗುಂಪು ಎಂಬ ಇದೇ ವ್ಯವಸ್ಥೆಯನ್ನು ಲಾಭಕ್ಕಾಗಿ ಸಾಲ ಕೊಡುವ ಕಂಪನಿಗಳೂ ಕಲಿತವು. ಮೊದಲು ಉಳಿತಾಯ, ಆಮೇಲೆ ಸಾಲ ಎಂಬ ಸಂಘದ ಕ್ರಮ ಅಲ್ಲಿ ತಲೆಕೆಳಗಾಯಿತು. ಉಳಿತಾಯವೇ ಇಲ್ಲದೆ ಸಾಲ, ಒಂದನ್ನು ತೀರಿಸಲು ಮತ್ತೊಂದು. 2025ರ ಜನವರಿಯಲ್ಲಿ, ವಸೂಲಿಗಾರರ ಕಾಟ ತಾಳಲಾರದೆ ಚಾಮರಾಜನಗರ ಮೊದಲಾದ ಕಡೆ ಜನರು ಮನೆಗೆ ಬೀಗ ಹಾಕಿ ಊರು ತೊರೆದ ವರದಿಗಳನ್ನು ನೀವೂ ಓದಿರಬಹುದು. ಅದೇ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಸೂರು ಇದ್ದೂ ಇಲ್ಲದಂತಾದ ಆ ಕುಟುಂಬಗಳನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಒಂದು ಲೆಕ್ಕ

ಈಗ ಕಾಗದ ಪೆನ್ನು ತೆಗೆದುಕೊಂಡು ನನ್ನೊಡನೆ ಒಂದು ಲೆಕ್ಕ ಹಾಕಿರಿ. ಒಂದು ಮನೆಯ ಸೂರು ಬದಲಿಸಲು ಇಂದು 1,20,000 ರೂಪಾಯಿ ಬೇಕು, ತಿಂಗಳಿಗೆ 2,500 ಉಳಿಸಬಲ್ಲರು ಎಂದಿಟ್ಟುಕೊಳ್ಳಿ. ಬರಿಯ ಭಾಗಾಕಾರದಿಂದ ನಲವತ್ತೆಂಟು ತಿಂಗಳು, ಎಂದರೆ ನಾಲ್ಕು ವರ್ಷ. ಆದರೆ ಸಿಮೆಂಟು, ಕಂಬಿ, ಕೂಲಿ ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ಆ ಹೊತ್ತಿಗೆ ಖರ್ಚು ಸುಮಾರು 1,46,000 ಆಗಿರುತ್ತದೆ. ಹಣ ಟ್ರಂಕಿನಲ್ಲಿದ್ದರೆ ಇನ್ನೂ 26,000 ಕಡಿಮೆ. ಆರೂವರೆ ಬಡ್ಡಿಯ ಆವರ್ತ ಠೇವಣಿಯಲ್ಲಿದ್ದರೆ ಸುಮಾರು 1,37,000 ಕೂಡಿರುತ್ತದೆ. ಇನ್ನು ನಾಲ್ಕು ತಿಂಗಳಲ್ಲಿ ಗುರಿ ಮುಟ್ಟಬಹುದು.

ಕಾಯಲಾರದೆ ಅದೇ 1,20,000ವನ್ನು ನೂರಕ್ಕೆ 24ರ ಬಡ್ಡಿಗೆ ಎರಡು ವರ್ಷದ ಕಂತಿನಲ್ಲಿ ತಂದರೆ ತಿಂಗಳಿಗೆ ಸುಮಾರು 6,340 ರೂಪಾಯಿ ಕಟ್ಟಬೇಕು. 2,500 ಮಾತ್ರ ಮಿಗುವ ಮನೆಯಲ್ಲಿ ಉಳಿದ 3,840 ಎಲ್ಲಿಂದ ಬರಬೇಕು? ಮಕ್ಕಳ ಫೀಜಿನಿಂದ, ಔಷಧಿಯಿಂದ, ಇಲ್ಲವೇ ಇನ್ನೊಂದು ಸಾಲದಿಂದ. ಅದೇ ಮೊತ್ತ ಎಂಟೂವರೆ ಬಡ್ಡಿಗೆ ಐದು ವರ್ಷದ ಅವಧಿಗೆ ಸಿಕ್ಕಿದರೆ ಕಂತು ಸುಮಾರು 2,460. ಉಳಿಸಬಲ್ಲಷ್ಟೇ ಹಣದಲ್ಲಿ ಸೂರು ಇಂದೇ ಆಗುತ್ತದೆ; ಐದು ವರ್ಷದಲ್ಲಿ ಕಟ್ಟುವ ಒಟ್ಟು ಸುಮಾರು 1,48,000, ಎಂದರೆ ಕಾದಿದ್ದರೆ ಬೀಳುತ್ತಿದ್ದ ಖರ್ಚಿಗೆ ಹತ್ತಿರ.

ಆದ್ದರಿಂದ ಸಾಲವೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ಕಂತು ನಮ್ಮ ಉಳಿತಾಯದ ಶಕ್ತಿಯೊಳಗೆ ಇದೆಯೇ ಎಂಬುದೇ ಪ್ರಶ್ನೆ. ಆದರೆ ಆ ಎಂಟೂವರೆಯ ಸಾಲ ಯಾರಿಗೆ ಸಿಗುತ್ತದೆ? ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಯಲ್ಲಿರುವವರಿಗೆ, ಸಂಬಳದ ಚೀಟಿ ತೋರಿಸಬಲ್ಲವರಿಗೆ. ಗ್ರಾಮಠಾಣದ ಹಳೆಯ ಮನೆಯಲ್ಲಿ ಖಾತೆಯಿಲ್ಲದೆ ಕೂಲಿ ಮಾಡಿ ಬದುಕುವವರ ಪಾಲಿಗೆ ಉಳಿಯುವುದು 24ರ ಬಡ್ಡಿ, ಅಥವಾ ಅದಕ್ಕೂ ಮೇಲಿನ ಕೈಸಾಲ. ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಸೂರಿಗೆ, ಬಡವರೇ ಹೆಚ್ಚು ಬೆಲೆ ತೆರುತ್ತಾರೆ. ಹುಲ್ಲಿನ ಸೂರಿನ ಕಾಲದಲ್ಲಿದ್ದ ಅನ್ಯಾಯ ಬೇರೆ ರೂಪದಲ್ಲಿ ಇಂದಿಗೂ ಇದೆ.

ಇತಿಹಾಸ ಕಲಿಸುವುದು

ಈ ಒಂದೂವರೆ ಶತಮಾನದ ಕಥೆಯಿಂದ ನಾವು ಕಲಿಯಬಹುದಾದುದೇನು? ಮೊದಲನೆಯದು, ಹಣ ಕೂಡುವ ವೇಗ ಸಂಪಾದನೆಯಷ್ಟೇ ಅದರ ಲಯವನ್ನೂ ಅವಲಂಬಿಸಿದೆ. ಪ್ರವಾಹದ ಹಣ ಬಂದ ದಿನವೇ ಅದರಲ್ಲೊಂದು ಭಾಗವನ್ನು ಸೂರಿನ ಖಾತೆಗೆ ಹಾಕಿ, ಹನಿಯ ಹಣವನ್ನು ವಾರವಾರ ಸೇರಿಸಿದವರೇ ಬೇಗ ಗುರಿ ಮುಟ್ಟುತ್ತಾರೆ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯಲ್ಲಿ ಅರ್ಧವನ್ನಾದರೂ ಹೀಗೆ ಇಟ್ಟರೆ ವರ್ಷಕ್ಕೆ 12,000 ಆಗುತ್ತದೆ.

ಎರಡನೆಯದು, ಒಟ್ಟಿಗೆ ಮಾಡಲಾಗದ್ದನ್ನು ಹಂತಹಂತವಾಗಿ ಮಾಡಬಹುದು. ತಿಂಗಳಿಗೆ 2,500 ಎಂದರೆ ವರ್ಷಕ್ಕೆ 30,000. ಈ ವರ್ಷ ಶೌಚಾಲಯ, ಮುಂದಿನ ವರ್ಷ ನೆಲ, ಆಮೇಲೆ ಒಂದು ಕೋಣೆಯ ಸೂರು. ಆಯಾ ವರ್ಷದ ಹಣ ಆಯಾ ವರ್ಷದ ಬೆಲೆಯಲ್ಲಿಯೇ ಕೆಲಸವಾಗುವುದರಿಂದ ಬೆಲೆಯೇರಿಕೆ ನಮ್ಮನ್ನು ಅಟ್ಟಿಸಿಕೊಂಡು ಬರಲಾರದು. ತಾರಸಿಯ ಮೇಲೆ ನಿಂತ ಆ ಕಂಬಿಗಳನ್ನು ಪಟ್ಟಣದವರು ಅಂದಗೇಡು ಎನ್ನಬಹುದು. ಇದ್ದಷ್ಟರಲ್ಲಿ ಕಟ್ಟಿ, ಮಿಕ್ಕದ್ದಕ್ಕೆ ಜಾಗ ಬಿಟ್ಟ ವಿವೇಕವೂ ಅದರಲ್ಲಿದೆ.

ಮೂರನೆಯದು, ಒಂಟಿಯಾಗಿ ಕೂಡಿಟ್ಟವರಿಗಿಂತ ಜೊತೆಗೂಡಿದವರು ಬೇಗ ತಲುಪಿದ್ದಾರೆ. ಮುಯ್ಯಾಳು, ಚೀಟಿ, ಸಹಕಾರ, ಸಂಘ ಎಲ್ಲದರಲ್ಲಿಯೂ ಅದೇ ಮಾತು. ಜಾಗದ ಕಾಗದಪತ್ರವಿಲ್ಲದ ನೆರೆಮನೆಯವರಿಗೆ ಪಂಚಾಯಿತಿಯಲ್ಲಿ ಅರ್ಜಿ ಬರೆದುಕೊಡುವುದೂ, ಹೆಚ್ಚಿನ ಬಡ್ಡಿಗೆ ಸಹಿ ಹಾಕುವ ಮುನ್ನ ಒಬ್ಬ ತಾಯಿಗೆ ಕಂತಿನ ಲೆಕ್ಕ ಮಾಡಿ ತೋರಿಸುವುದೂ ಇಂದಿನ ಮುಯ್ಯಿ. ನಮ್ಮಲ್ಲಿ ಓದಿದ ಮಕ್ಕಳಿದ್ದಾರೆ. ಅವರಿಗೆ ಇದು ಅರ್ಧ ಗಂಟೆಯ ಕೆಲಸ.

ಈ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಸ್ವಲ್ಪ ಹೊತ್ತು ಕುಳಿತು ತಲೆಯೆತ್ತಿ ನೋಡಿರಿ. ಎಲ್ಲಿ ಸೋರುತ್ತಿದೆ, ಮೊದಲು ಯಾವುದನ್ನು ಸರಿಪಡಿಸಬೇಕು, ಅದಕ್ಕೆ ತಿಂಗಳಿಗೆ ಎಷ್ಟು ತೆಗೆದಿಡಬಹುದು ಎಂದು ಮಾತನಾಡಿಕೊಳ್ಳಿರಿ. ಅಜ್ಜಿ ಇದ್ದರೆ ಅವರನ್ನೂ ಕೇಳಿರಿ: ಈ ಸೂರಿಗೆ ಮೊದಲು ಹೆಂಚು ಬಂದದ್ದು ಯಾವ ವರ್ಷ, ಆ ಹಣ ಎಲ್ಲಿಂದ ಬಂದಿತು ಎಂದು. ನಿಮ್ಮ ಮನೆಯ ಆ ಚರಿತ್ರೆ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಅವರು ಹೇಳಿದ್ದನ್ನು ಉಳಿತಾಯದ ಪಾಸ್‌ಪುಸ್ತಕದೊಡನೆ ಒಂದು ಹಾಳೆಯಲ್ಲಿ ಬರೆದಿಡಿರಿ. ಮಕ್ಕಳು ಮುಂದಿನ ಅಂತಸ್ತು ಕಟ್ಟುವ ದಿನ ಅದನ್ನು ಓದಿಕೊಳ್ಳಲಿ.